ಬಿಟ್ಟು ಕಳಿಸುವುದಲ್ಲ ಪರಿವೀಕ್ಷಣೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳ ನ್ಯಾಯಾಲಯಗಳ ಸುತ್ತಮುತ್ತ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರೂರಿದೆ. ಕಳವಿನ ಕೇಸಿನಲ್ಲೋ ಬದುವಿನ ಹೊಡೆದಾಟದಲ್ಲೋ ತಪ್ಪಿತಸ್ಥನೆಂದು ತೀರ್ಮಾನವಾದವನು ಜೈಲಿಗೆ ಹೋಗದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆದುಕೊಟ್ಟು ಊರಿಗೆ ಬಂದರೆ, "ಕೋರ್ಟಿನವ್ರು ಬಿಟ್ಟು ಕಳಿಸ್ಯಾರ" ಎಂದೇ ಜನ ಮಾತಾಡುತ್ತಾರೆ. ಹಾಗೆ ಹೇಳುವವರಲ್ಲಿ ದೂರು ಕೊಟ್ಟವನಷ್ಟೇ ಅಲ್ಲ, ಪೊಲೀಸರೂ ಇರುತ್ತಾರೆ, ವಕೀಲರೂ ಇರುತ್ತಾರೆ. ಬಿಡುಗಡೆಯಾದವನ ಸ್ವಂತ ಅಣ್ಣತಮ್ಮಂದಿರೂ ಅದನ್ನೇ ಹೇಳುತ್ತಾರೆ. ಪ್ರೊಬೇಷನ್, ಅಂದರೆ ಪರಿವೀಕ್ಷಣೆ, ಶಿಕ್ಷೆಯ ಒಂದು ಬಗೆಯಲ್ಲ, ಶಿಕ್ಷೆ ಇಲ್ಲದಿರುವ ಸ್ಥಿತಿ ಎಂಬುದು ಈ ಎಲ್ಲರ ಸಮಾನ ನಂಬಿಕೆ.

ಈ ನಂಬಿಕೆಯನ್ನು ತಳ್ಳಿಹಾಕುವ ಮೊದಲು ಅದರ ಬಲವನ್ನು ಒಪ್ಪಿಕೊಳ್ಳಬೇಕು. ಕಳ್ಳತನವಾದ ಮನೆಯವರಿಗೆ ಆಗಿರುವ ನಷ್ಟ ನಿಜವಾದದ್ದು. ಕದ್ದವನು ಮರುದಿನವೇ ಅದೇ ಓಣಿಯಲ್ಲಿ ತಿರುಗಾಡುವುದನ್ನು ಕಂಡಾಗ ಅವರಿಗೆ ಆಗುವ ಅವಮಾನವೂ ನಿಜವಾದದ್ದು. ಜೈಲಿನ ಭಯ ಕೆಲವರನ್ನಾದರೂ ತಡೆಯುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಇನ್ನೂ ಗಂಭೀರವಾದ ಆಕ್ಷೇಪ ಒಂದಿದೆ. ಒಳ್ಳೆಯ ವಕೀಲರನ್ನು ಇಡಬಲ್ಲವನಿಗೆ ಪರಿವೀಕ್ಷಣೆ ಸಿಗುತ್ತದೆ, ಇಡಲಾರದವನಿಗೆ ಸಿಗುವುದಿಲ್ಲ. ಆದ್ದರಿಂದ ಈ ಕರುಣೆ ಸಮಾನವಾಗಿ ಹಂಚಿಕೆಯಾಗುವುದಿಲ್ಲ. ಮೇಲಾಗಿ ಕಾಯ್ದೆಯೇ ಈ ಟೀಕಾಕಾರರಿಗೆ ಒಂದು ಆಧಾರ ಒದಗಿಸಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಕಲಮಿನಡಿ ನ್ಯಾಯಾಲಯ ಬರೀ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಬಹುದು. ಅಧಿಕಾರಿಯೊಬ್ಬರ ಉಸ್ತುವಾರಿಗೆ ಒಪ್ಪಿಸುವ ಆದೇಶ ಬೇರೆಯೇ ಆದದ್ದು. ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ವಿಷಯ, ತಾನಾಗಿ ಬರುವುದಲ್ಲ. ಉಸ್ತುವಾರಿ ಇಲ್ಲದ ಮುಚ್ಚಳಿಕೆಯನ್ನು ಜನ "ಬಿಟ್ಟು ಕಳಿಸಿದ್ದು" ಎಂದು ಕರೆದರೆ ಅವರನ್ನು ದೂರುವಂತಿಲ್ಲ.

ತೊಡಕು ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಉಸ್ತುವಾರಿ ಇಲ್ಲದ ಬಿಡುಗಡೆಯನ್ನು ಕಂಡವರು ಪರಿವೀಕ್ಷಣೆ ಎಂದರೆ ಇಷ್ಟೇ ಎಂದು ತೀರ್ಮಾನಿಸುತ್ತಾರೆ. ಜೈಲಿನ ಪರ ಇರುವವರು ಅದನ್ನು ಬಯ್ಯುತ್ತಾರೆ, ಸುಧಾರಣೆಯ ಪರ ಇರುವವರು ಅದನ್ನೇ ಮೆಚ್ಚುತ್ತಾರೆ. ಇಬ್ಬರ ಲೆಕ್ಕದಲ್ಲೂ ತೀರ್ಪು ಓದಿದ ಗಳಿಗೆಗೆ ಕೆಲಸ ಮುಗಿಯಿತು. ವಾಸ್ತವದಲ್ಲಿ ಪರಿವೀಕ್ಷಣೆಯ ಕೆಲಸ ಶುರುವಾಗುವುದೇ ಆ ಗಳಿಗೆಯಿಂದ. ಅದು ನ್ಯಾಯಾಧೀಶರ ಮನಸ್ಸಿನ ಮೃದುತ್ವವಲ್ಲ. ಇನ್ನೊಬ್ಬ ಮನುಷ್ಯ ವರ್ಷಗಟ್ಟಲೆ ಮಾಡಬೇಕಾದ ದುಡಿಮೆ ಅದು.

ಕಾಯ್ದೆ ಆ ದುಡಿಮೆಯನ್ನು ಸ್ಪಷ್ಟವಾಗಿಯೇ ಬರೆದಿಟ್ಟಿದೆ. ಪರಿವೀಕ್ಷಣಾಧಿಕಾರಿ ಆರೋಪಿಯ ಮನೆಯ ಸ್ಥಿತಿಗತಿಯನ್ನು ವಿಚಾರಿಸಿ ನ್ಯಾಯಾಲಯಕ್ಕೆ ವರದಿ ಕೊಡಬೇಕು, ಒಪ್ಪಿಸಿದವರ ಉಸ್ತುವಾರಿ ನೋಡಬೇಕು, ಅಗತ್ಯವಿದ್ದಲ್ಲಿ ಕೆಲಸ ಹುಡುಕಿಕೊಡಲು ಪ್ರಯತ್ನಿಸಬೇಕು, ಪರಿಹಾರದ ಹಣ ಕಟ್ಟಲು ನೆರವಾಗಬೇಕು. ಇವು 14ನೇ ಕಲಮಿನ ಮಾತು. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ 3 ವರ್ಷ, ಉಸ್ತುವಾರಿಯ ಆದೇಶವಾದರೆ ಕಡಿಮೆಯೆಂದರೂ 1 ವರ್ಷ. ಷರತ್ತು ಮುರಿದರೆ ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸುವ ಅಧಿಕಾರ ನ್ಯಾಯಾಲಯದ ಕೈಯಲ್ಲೇ ಉಳಿದಿರುತ್ತದೆ. 21 ವರ್ಷದೊಳಗಿನವರ ಪ್ರಕರಣದಲ್ಲಿ, ಅಪರಾಧ ಜೀವಾವಧಿ ಶಿಕ್ಷೆಯಂಥದ್ದಲ್ಲದಿದ್ದರೆ, ವರದಿ ತರಿಸಿಕೊಳ್ಳದೆ ಮತ್ತು ಕಾರಣ ಬರೆಯದೆ ಜೈಲಿಗೆ ಕಳಿಸುವಂತೆಯೇ ಇಲ್ಲ. ಹೀಗಾಗಿ ತಾಲ್ಲೂಕಿನ ನ್ಯಾಯಾಧೀಶರಿಗೆ ಇದು ಬೇಕಾದರೆ ಬಳಸುವ, ಬೇಡವಾದರೆ ಬಿಡುವ ಔದಾರ್ಯವೇನಲ್ಲ. ಕೆಲವು ಪ್ರಕರಣಗಳಲ್ಲಿ ಅವರ ಮೇಲಿನ ಕಟ್ಟುಪಾಡು.

ಈಗ ಹೋಲಿಕೆಯ ಪ್ರಶ್ನೆ. ಪರಿವೀಕ್ಷಣೆ ಮೆದುವಾಯಿತು ಎನ್ನುವವರು ಅದನ್ನು ಯಾವುದಕ್ಕೆ ಹೋಲಿಸುತ್ತಿದ್ದಾರೆ? ತೀರ್ಪಿನ ನಂತರ ಶುರುವಾಗುವ ಜೈಲುವಾಸಕ್ಕೆ. ನಮ್ಮ ವ್ಯವಸ್ಥೆಯಲ್ಲಿ ಜೈಲುವಾಸ ಬಹುಪಾಲು ತೀರ್ಪಿನ ಮುಂಚೆಯೇ ನಡೆದುಹೋಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ಕರಲ್ಲಿ ಮೂರು ಪಾಲು. ಜಾಮೀನು ಕೊಡುವವರಿಲ್ಲದೆ ವಿಜಯಪುರದ ದರ್ಗಾ ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದವನಿಗೆ ಕೊನೆಗೆ ಶಿಕ್ಷೆಯಾದಾಗ ಆ ತಿಂಗಳುಗಳನ್ನು ಕಳೆಯಬೇಕೆಂದು ಕಾನೂನೇ ಹೇಳುತ್ತದೆ. ಸಣ್ಣ ಪ್ರಕರಣಗಳಲ್ಲಿ "ಈಗಾಗಲೇ ಕಳೆದ ಅವಧಿಯೇ ಶಿಕ್ಷೆ" ಎಂದು ಬರೆದು ಮುಗಿಸುವುದು ನ್ಯಾಯಾಲಯಗಳಲ್ಲಿ ಎಲ್ಲರಿಗೂ ಗೊತ್ತಿರುವ ರೂಢಿ. ಆ ಸಂಜೆ ಜೈಲಿನ ಬಾಗಿಲು ದಾಟಿದವನನ್ನು ಯಾರೂ ನೋಡಿಕೊಳ್ಳುವುದಿಲ್ಲ. ಅವನ ಮೇಲೆ ಷರತ್ತಿಲ್ಲ, ಮುಚ್ಚಳಿಕೆಯಿಲ್ಲ, ಕಳೆದುಕೊಂಡವನಿಗೆ ಪರಿಹಾರ ಕಟ್ಟಬೇಕೆಂಬ ಒತ್ತಾಯವಿಲ್ಲ. ಪೂರ್ತಿ ಆರು ತಿಂಗಳು ಅನುಭವಿಸಿ ಬಂದವನ ವಿಷಯದಲ್ಲೂ ಇಷ್ಟೇ. ನಿಜಕ್ಕೂ "ಬಿಟ್ಟು ಕಳಿಸುವುದು" ನಡೆಯುತ್ತಿರುವುದು ಇಲ್ಲಿ. ಪರಿವೀಕ್ಷಣೆಯಲ್ಲಿ ಇರುವವನಾದರೆ ಮುಂದಿನ ಒಂದರಿಂದ ಮೂರು ವರ್ಷ ಯಾರಿಗೋ ಉತ್ತರ ಹೇಳಬೇಕಾದವನು. ಕಠಿಣತೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡರೂ ಟೀಕಾಕಾರರು ಉಸ್ತುವಾರಿಯ ಪರ ನಿಲ್ಲಬೇಕಿತ್ತು.

ಒಂದು ಊಹೆಯ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 20 ವರ್ಷದ ಹುಡುಗನೊಬ್ಬ ಪಕ್ಕದವರ ಬೋರ್‌ವೆಲ್ಲಿನ ಕೇಬಲ್ ಕತ್ತರಿಸಿ, ತಾಮ್ರವನ್ನು ಗುಜರಿಗೆ ಮಾರುತ್ತಾನೆ. ಅವನ ಕೈಗೆ ಬಂದದ್ದು ಕೆಲವೇ ನೂರು ರೂಪಾಯಿ. ತೋಟದವನಿಗೆ ಆದ ಪೆಟ್ಟು ಅದಕ್ಕೆ ಎಷ್ಟೋ ಪಟ್ಟು ದೊಡ್ಡದು: ಹೊಸ ಕೇಬಲ್ಲಿನ ಖರ್ಚು, ಬಿರುಬಿಸಿಲಿನಲ್ಲಿ ನೀರಿಲ್ಲದೆ ಹೂವು ಮಿಡಿ ಉದುರಿಸಿದ ನಿಂಬೆ ಗಿಡಗಳು. ಹುಡುಗನನ್ನು ನಾಲ್ಕು ತಿಂಗಳು ಜೈಲಿಗೆ ಹಾಕಿದರೆ ಕೇಬಲ್ಲೂ ಬರುವುದಿಲ್ಲ, ಮಿಡಿಯೂ ಬರುವುದಿಲ್ಲ. ಪರಿವೀಕ್ಷಣಾಧಿಕಾರಿ ಆ ಊರಿಗೆ ಹೋದರೆ ಕೇಳುವ ಪ್ರಶ್ನೆಗಳೇ ಬೇರೆ. ಮನೆಯಲ್ಲಿ ದುಡಿಯುವವರು ಯಾರು? ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮನಿಂದ ಮುಂಗಡ ಎಷ್ಟು ತಗೊಂಡಿದ್ದಾರೆ? ಹುಡುಗ ಶಾಲೆ ಬಿಟ್ಟದ್ದು ಯಾವ ತರಗತಿಗೆ, ಯಾತಕ್ಕೆ? ಅವನ ಜೊತೆ ಅಂದು ರಾತ್ರಿ ಇದ್ದವರು ಯಾರು? ಸುಟ್ಟ ಕೇಬಲ್ಲನ್ನು ಪ್ರಶ್ನೆ ಮಾಡದೆ ಕೊಂಡವನು ಯಾರು? ಊರಿನಲ್ಲಿ ಅವನು ಯಾರ ಮಾತಿಗೆ ತಲೆಬಾಗುತ್ತಾನೆ, ಸೋದರಮಾವನಿಗೋ, ಶಾಲೆಯ ಮಾಸ್ತರರಿಗೋ, ಕುಸ್ತಿ ಕಲಿಸುವ ಉಸ್ತಾದರಿಗೋ? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ. ಯಾಕೆಂದರೆ ಅಧಿಕಾರಿ ದಿನವೂ ಊರಿಗೆ ಬರಲಾರ, ಆ ಮನುಷ್ಯ ಅಲ್ಲೇ ಇರುತ್ತಾನೆ. ಕಾಯ್ದೆಯ 5ನೇ ಕಲಮಿನಡಿ ತೋಟದವನಿಗೆ ಪರಿಹಾರ ಕಟ್ಟುವಂತೆ ನ್ಯಾಯಾಲಯ ಆದೇಶಿಸಬಹುದು. ದುಡಿಯುವ ಕೈ ಹೊರಗಿದ್ದರೆ ಮಾತ್ರ ಆ ಆದೇಶಕ್ಕೆ ಬೆಲೆ.

ಇಲ್ಲಿಗೆ ಸುಧಾರಣಾವಾದಿಗಳು ತೃಪ್ತರಾಗಬಹುದು. ಅವರ ನಂಬಿಕೆಯಲ್ಲೂ ಒಂದು ಗೊಂದಲವಿದೆ. ಒಳ್ಳೆಯ ಮನಸ್ಸಿನ, ದಕ್ಷ, ದೀರ್ಘಕಾಲ ದುಡಿಯುವ ಅಧಿಕಾರಿ ಸಿಕ್ಕರೆ ಉಸ್ತುವಾರಿ ತಾನಾಗಿ ಒಳ್ಳೆಯದಾಗುತ್ತದೆ ಎಂದು ಅವರು ತಿಳಿದಿದ್ದಾರೆ. ಇದು ಎಷ್ಟು ಅಪಾಯಕಾರಿ ತಿಳಿವಳಿಕೆ ಎಂಬುದಕ್ಕೆ ಹಿಂದೆ ಬಿಜಾಪುರ ಎನ್ನುತ್ತಿದ್ದ ಇದೇ ಜಿಲ್ಲೆಯ ಇತಿಹಾಸವೇ ಸಾಕ್ಷಿ.

1910ರ ಆಸುಪಾಸಿನಲ್ಲಿ ಓ. ಎಚ್. ಬಿ. ಸ್ಟಾರ್ಟೆ ಎಂಬ ಐಸಿಎಸ್ ಅಧಿಕಾರಿ ಬಿಜಾಪುರದಲ್ಲಿ ಸಹಾಯಕ ಕಲೆಕ್ಟರ್ ಆಗಿದ್ದರು. ಹರಣಶಿಕಾರಿ, ಘಂಟಿಚೋರ, ಛಪ್ಪರಬಂದ ಮುಂತಾದ ಸಮುದಾಯಗಳನ್ನು ಸರ್ಕಾರ "ಅಪರಾಧಿ ಬುಡಕಟ್ಟು" ಎಂದು ಗುರುತಿಸಿದ್ದ ಕಾಲ ಅದು. 1871ರಲ್ಲಿ ಉತ್ತರ ಭಾರತದಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾನೂನು 1911ರ ಕಾಯ್ದೆಯ ಮೂಲಕ ಬಾಂಬೆ ಪ್ರಾಂತಕ್ಕೂ ಬಂತು. ಅಲೆದಾಡುತ್ತಿದ್ದ ಕುಟುಂಬಗಳನ್ನು ಒಂದೆಡೆ ಕೂಡಿಹಾಕುವ ಸೆಟ್ಲಮೆಂಟ್ ಬಿಜಾಪುರದಲ್ಲಿ ನೆಲೆಯಾಯಿತು, ಸ್ಟಾರ್ಟೆ ಅದರ ಹೊಣೆ ಹೊತ್ತರು. ಮುಂದೆ ಇಡೀ ಪ್ರಾಂತದ ಸೆಟ್ಲಮೆಂಟುಗಳು ಅವರ ಕೈಗೆ ಬಂದವು. ಹುಬ್ಬಳ್ಳಿ, ಗದಗ, ಸೋಲಾಪುರಗಳಲ್ಲಿ ಸೆಟ್ಲಮೆಂಟುಗಳು ಬೆಳೆದವು. ಅಲ್ಲಿನ ಜನರಿಗೆ ಗಿರಣಿಗಳಲ್ಲಿ ಕೆಲಸ ಕೊಡಿಸುವುದು, ಮಕ್ಕಳಿಗೆ ಶಾಲೆ ತೆರೆಯುವುದು, ನಡತೆ ನೋಡಿ ಬೇಲಿಯೊಳಗಿನಿಂದ ಹೊರಗಿನ ಕಾಲೋನಿಗೆ ಕಳಿಸುವುದು, ಆಮೇಲೆ ಪೂರ್ತಿ ಬಿಡುಗಡೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಂದು ವ್ಯವಸ್ಥೆ ರೂಪುಗೊಂಡಿತು. 1928ರಲ್ಲಿ ನೇಮಕಗೊಂಡ ದಲಿತ ವರ್ಗಗಳು ಮತ್ತು ಆದಿವಾಸಿಗಳ ಸಮಿತಿಗೆ ಸ್ಟಾರ್ಟೆ ಅಧ್ಯಕ್ಷರು. ಡಾ. ಅಂಬೇಡ್ಕರ್ ಅದರ ಒಬ್ಬ ಸದಸ್ಯರು. ಆ ಸಮಿತಿಯ ವರದಿಯ ನಂತರ ಬಾಂಬೆ ಸರ್ಕಾರ ಹಿಂದುಳಿದ ವರ್ಗಗಳ ಇಲಾಖೆ ತೆರೆದಾಗ ಅದರ ಅಧಿಕಾರಿಯೂ ಅವರೇ ಆದರು. ಜೈಲಿನ ಹೊರಗೆ ಜನರನ್ನು ತಿದ್ದುವ ಆಡಳಿತದಲ್ಲಿ ಇಷ್ಟು ದೀರ್ಘವಾದ, ಇಷ್ಟು ವ್ಯವಸ್ಥಿತವಾದ ಸೇವೆ ಈ ಭಾಗದಲ್ಲಿ ಇನ್ನೊಂದು ಕಾಣಸಿಗುವುದು ಕಷ್ಟ.

ಇಂದಿನ ಸಮಾಜಕಾರ್ಯದ ಪಾಠಗಳಲ್ಲಿ ಬರುವ ಬಹುತೇಕ ಅಂಶಗಳು ಅಲ್ಲಿದ್ದವು: ಉದ್ಯೋಗ, ಶಿಕ್ಷಣ, ಹಂತಹಂತದ ಬಿಡುಗಡೆ, ವರ್ಷಗಟ್ಟಲೆ ನಿಂತು ನೋಡಿಕೊಳ್ಳುವ ಅಧಿಕಾರಿ. ಆದರೂ ಆ ವ್ಯವಸ್ಥೆ ಅನ್ಯಾಯದ್ದು. ಅದರೊಳಗೆ ಬಂದವರಲ್ಲಿ ಎಷ್ಟೋ ಜನ ಯಾವ ಅಪರಾಧವನ್ನೂ ಮಾಡಿರಲಿಲ್ಲ. ತಾಯಿಯ ಹೊಟ್ಟೆಯಿಂದಲೇ ಅವರ ಹೆಸರು ದಾಖಲೆಗೆ ಸೇರುತ್ತಿತ್ತು. ಹಾಜರಿ ಕೊಡಬೇಕು, ಊರು ಬಿಡಲು ಪಾಸ್ ಬೇಕು. ಗೊತ್ತುಪಡಿಸಿದ ಅಪರಾಧಗಳಲ್ಲಿ ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ 7 ವರ್ಷ, ಮೂರನೇ ಸಲವಾದರೆ ಜೀವಾವಧಿ ಗಡೀಪಾರು. ಗಿರಣಿಯ ಕೆಲಸವೂ ಆಯ್ಕೆಯಾಗಿರಲಿಲ್ಲ. ಬೇಲಿಯೊಳಗಿನ ಕೂಲಿಯಿಂದ ಗಿರಣಿ ಮಾಲೀಕರಿಗೆ ಲಾಭವಿತ್ತು, ಕೂಲಿಯವನಿಗೆ ಬಿಟ್ಟುಹೋಗುವ ಸ್ವಾತಂತ್ರ್ಯವಿರಲಿಲ್ಲ. ಬಾಂಬೆ ಪ್ರಾಂತದಲ್ಲಿ ಆ ಕಾಯ್ದೆ 1949ರಲ್ಲಿ ಹೋಯಿತು, ಇಡೀ ದೇಶದಲ್ಲಿ 1952ರ ಆಗಸ್ಟ್ 31ರಂದು. ಅದರ ನೆರಳು ಅಷ್ಟು ಬೇಗ ಹೋಗಲಿಲ್ಲ. ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು, ಕರ್ನಾಟಕದ್ದು 1961ರದು. ಆ ಹೆಸರಿನ ಕೆಳಗೆ ಹಳೆಯ ಸಮುದಾಯಗಳನ್ನೇ ಜೈಲು ಕೈಪಿಡಿಗಳಲ್ಲಿ ಮುಂದುವರಿಸಿದ್ದನ್ನು ಸುಪ್ರೀಂ ಕೋರ್ಟ್ ಅಸಾಂವಿಧಾನಿಕ ಎಂದು ಸಾರಿದ್ದು 2024ರ ಅಕ್ಟೋಬರ್ 3ರ ಸುಕನ್ಯಾ ಶಾಂತಾ ಪ್ರಕರಣದಲ್ಲಿ.

ಇದೇ ಬಾಂಬೆ ಪ್ರಾಂತ 1938ರಲ್ಲಿ ತನ್ನದೇ ಪರಿವೀಕ್ಷಣಾ ಕಾಯ್ದೆಯನ್ನು ಮಾಡಿತ್ತು. ಅಂದರೆ ಸುಮಾರು ಹನ್ನೊಂದು ವರ್ಷ ಎರಡು ಬಗೆಯ ಉಸ್ತುವಾರಿಗಳು ಒಂದೇ ಪ್ರಾಂತದಲ್ಲಿ ಜೊತೆಜೊತೆಗೆ ಇದ್ದವು. ಒಂದು ಹುಟ್ಟಿಗೆ ಅಂಟಿದ್ದು, ಇನ್ನೊಂದು ಕೃತ್ಯಕ್ಕೆ ಅಂಟಿದ್ದು. ಹೊರನೋಟಕ್ಕೆ ಎರಡರಲ್ಲೂ ಹಾಜರಿ ಪುಸ್ತಕ, ಎರಡರಲ್ಲೂ ಅಧಿಕಾರಿ, ಎರಡರಲ್ಲೂ ಸುಧಾರಣೆಯ ಮಾತು. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅಧಿಕಾರಿಯ ಒಳ್ಳೆಯತನದಲ್ಲಿ ಅಲ್ಲ. ಇವುಗಳಲ್ಲಿದೆ:

1. ಉಸ್ತುವಾರಿಗೆ ಕಾರಣ ಒಂದು ಸಾಬೀತಾದ ಕೃತ್ಯವಾಗಿರಬೇಕು, ಒಬ್ಬ ಮನುಷ್ಯನದ್ದಾಗಿರಬೇಕು. ಕುಲವಾಗಲಿ, ತಾಂಡಾ ಆಗಲಿ, ಅಪ್ಪನ ದಾಖಲೆಯಾಗಲಿ ಅಲ್ಲಿ ಸಲ್ಲದು.

2. ಅದಕ್ಕೆ ಕೊನೆಯ ದಿನಾಂಕ ಮೊದಲ ದಿನವೇ ಬರೆದಿರಬೇಕು.

3. ಷರತ್ತು ಬದಲಿಸುವ, ಮುರಿದದ್ದಕ್ಕೆ ಶಿಕ್ಷಿಸುವ ಅಧಿಕಾರ ಅಧಿಕಾರಿಯ ಕೈಯಲ್ಲಿರದೆ ನ್ಯಾಯಾಲಯದ ಕೈಯಲ್ಲಿರಬೇಕು. 1958ರ ಕಾಯ್ದೆಯ 8 ಮತ್ತು 9ನೇ ಕಲಮುಗಳು ಇದನ್ನೇ ಹೇಳುತ್ತವೆ.

4. ಅವಧಿ ಮುಗಿದ ಮೇಲೆ ಕಲೆ ಉಳಿಯಬಾರದು. 12ನೇ ಕಲಮಿನ ಪ್ರಕಾರ ಈ ಕಾಯ್ದೆಯಡಿ ಬಿಡುಗಡೆಯಾದವನಿಗೆ ಶಿಕ್ಷೆಯಿಂದಾಗಿ ಬರುವ ಕಾನೂನಿನ ಅನರ್ಹತೆ ತಟ್ಟುವುದಿಲ್ಲ.

ನಾಲ್ಕನೆಯದಕ್ಕೆ ಮಿತಿಯೂ ಇದೆ. 1990ರ ಬಕ್ಷಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪರಾಧಿ ಎಂಬ ತೀರ್ಮಾನ ಅಳಿಸಿಹೋಗುವುದಿಲ್ಲ, ಸರ್ಕಾರಿ ನೌಕರಿಯಿಂದ ವಜಾ ಮಾಡಿದ್ದಕ್ಕೆ 12ನೇ ಕಲಮು ರಕ್ಷಣೆಯಾಗದು ಎಂದು ಹೇಳಿತು. ಹೀಗಿರುವಾಗ ಪರಿವೀಕ್ಷಣೆ ಪಡೆದವನು ಏನನ್ನೂ ಕಳೆದುಕೊಳ್ಳುವುದಿಲ್ಲ ಎಂಬ ಮಾತು ಕಾನೂನಿನ ಮಟ್ಟದಲ್ಲೂ ನಿಲ್ಲುವುದಿಲ್ಲ.

ಸ್ಟಾರ್ಟೆಯವರ ಉದಾಹರಣೆಯಿಂದ ಕೆಲವರು ಇನ್ನೊಂದು ತುದಿಗೆ ಹೋಗಬಹುದು. ದೀರ್ಘಕಾಲ ಒಬ್ಬನೇ ಅಧಿಕಾರಿ ಬೇರೂರುವುದೇ ತಪ್ಪು, ಎರಡು ಮೂರು ವರ್ಷಕ್ಕೊಮ್ಮೆ ವರ್ಗ ಮಾಡುತ್ತಿದ್ದರೆ ಸಾಕು ಎಂಬ ವಾದ ಅದು. ಅದರ ಹಿಂದಿನ ಅಂಜಿಕೆ ಸುಳ್ಳಲ್ಲ. ಒಂದೇ ಊರಲ್ಲಿ ವರ್ಷಗಟ್ಟಲೆ ಕೂತ ಅಧಿಕಾರಿಗೆ ಊರಿನ ಗೌಡರ ಸ್ನೇಹ ಬೆಳೆಯುತ್ತದೆ, ಜಾತಿಯ ಲೆಕ್ಕ ತಿಳಿಯುತ್ತದೆ, ಯಾರ ವರದಿ ಹೇಗೆ ಬರೆಯಬೇಕೆಂಬ ಸೂಚನೆಗಳು ಬರತೊಡಗುತ್ತವೆ. ಆದರೆ ವರ್ಗಾವಣೆಯ ಮದ್ದು ರೋಗಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಲೆಕ್ಕ ಸರಳವಾಗಿದೆ. ಮುಚ್ಚಳಿಕೆ 3 ವರ್ಷದ್ದು, ಅಧಿಕಾರಿ ಆ ಸ್ಥಳದಲ್ಲಿ ಇರುವುದು 2 ವರ್ಷ ಎಂದಾದರೆ, ಉಸ್ತುವಾರಿಯಲ್ಲಿ ಇರುವವನಿಗಿಂತ ಉಸ್ತುವಾರಿ ನೋಡುವವನೇ ಮೊದಲು ಹೊರಡುತ್ತಾನೆ. ಹುಡುಗನ ಸೋದರಮಾವನ ಪರಿಚಯ, ಗುಜರಿಯವನ ಮೇಲಿನ ಗುಮಾನಿ, ತಪ್ಪಿದ ಮೊದಲ ಹಾಜರಿಗೆ ಇದ್ದ ನಿಜವಾದ ಕಾರಣ, ಇವು ಯಾವ ಕಡತದಲ್ಲೂ ಪೂರ್ತಿ ಬರುವುದಿಲ್ಲ. ತಾಲ್ಲೂಕಿನ ನ್ಯಾಯಾಧೀಶರಿಗೂ ವರ್ಗಾವಣೆ ಇದ್ದೇ ಇದೆ. ಪೊಲೀಸ್ ಇನ್‌ಸ್ಪೆಕ್ಟರಿಗಂತೂ ಇನ್ನೂ ಬೇಗ. ಎಲ್ಲರೂ ಬದಲಾಗುತ್ತಿರುವಲ್ಲಿ ಆ ಪ್ರಕರಣದ ನೆನಪನ್ನು ಹೊತ್ತಿರುವವನು ಅಪರಾಧ ಮಾಡಿದವನೊಬ್ಬನೇ ಎಂಬ ಸ್ಥಿತಿ ಬರುತ್ತದೆ.

ಪರಿವೀಕ್ಷಣೆಯ ಹುಟ್ಟಿನ ಕಥೆಯಲ್ಲೂ ಈ ದೀರ್ಘತೆ ಮುಖ್ಯ. 1841ರಲ್ಲಿ ಬೋಸ್ಟನ್ನಿನ ಚಮ್ಮಾರ ಜಾನ್ ಅಗಸ್ಟಸ್ ನ್ಯಾಯಾಲಯದಲ್ಲಿ ಒಬ್ಬ ಕುಡುಕನಿಗೆ ಜಾಮೀನು ನಿಂತು, ಅವನನ್ನು ತಿದ್ದಿ ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಿದ. 1859ರಲ್ಲಿ ಸಾಯುವವರೆಗೆ ಸುಮಾರು 2000 ಜನರಿಗೆ ಹೀಗೆ ಜಾಮೀನು ನಿಂತ. ಅವನಿಗೆ ಹುದ್ದೆಯಿರಲಿಲ್ಲ, ಸಂಬಳವಿರಲಿಲ್ಲ. 18 ವರ್ಷ ಅದೇ ಊರಿನ ನ್ಯಾಯಾಲಯಗಳಲ್ಲಿ ನಿಂತದ್ದರಿಂದ ಯಾರಿಗೆ ಜಾಮೀನು ನಿಲ್ಲಬಹುದು, ಯಾರಿಗೆ ಬೇಡ ಎಂಬ ಅವನ ಮಾತಿಗೆ ಬೆಲೆ ಬಂತು. ಮೊದಲ ವರ್ಷದ ಅಗಸ್ಟಸನ ಮಾತಿಗೂ ಹತ್ತನೇ ವರ್ಷದ ಅಗಸ್ಟಸನ ಮಾತಿಗೂ ನ್ಯಾಯಾಧೀಶರು ಒಂದೇ ತೂಕ ಕೊಟ್ಟಿರಲಾರರು.

ದೀರ್ಘಕಾಲದ ಅನುಭವವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡ್ ಇತ್ತೀಚೆಗೆ ತೋರಿಸಿಕೊಟ್ಟಿತು. 1907ರಿಂದ ಕಾನೂನಿನ ನೆಲೆ ಪಡೆದಿದ್ದ ಅಲ್ಲಿನ ಪರಿವೀಕ್ಷಣಾ ಸೇವೆಯನ್ನು 2014ರಲ್ಲಿ ಎರಡಾಗಿ ಒಡೆದರು. ಹೆಚ್ಚು ಅಪಾಯದವರು ಸರ್ಕಾರದ ಪಾಲಿಗೆ, ಉಳಿದವರು 21 ಖಾಸಗಿ ಗುತ್ತಿಗೆ ಕಂಪನಿಗಳ ಪಾಲಿಗೆ. ಅನುಭವಿ ಸಿಬ್ಬಂದಿ ಕೆಲಸ ಬಿಟ್ಟರು, ಉಳಿದವರ ತಲೆಯ ಮೇಲೆ ಪ್ರಕರಣಗಳ ಹೊರೆ ಏರಿತು, ಕೆಲವೆಡೆ ಭೇಟಿಯ ಬದಲು ಫೋನಿನಲ್ಲೇ ವಿಚಾರಿಸಿ ಮುಗಿಸಿದರು. 2019ರಲ್ಲಿ ಪರಿವೀಕ್ಷಣೆಯ ಮುಖ್ಯ ತನಿಖಾಧಿಕಾರಿಯೇ ಆ ಮಾದರಿ ತಿದ್ದಲಾಗದಷ್ಟು ದೋಷಪೂರ್ಣ ಎಂದು ವರದಿ ಕೊಟ್ಟರು. 2021ರ ಜೂನ್‌ನಲ್ಲಿ ಸರ್ಕಾರ ಎಲ್ಲವನ್ನೂ ವಾಪಸು ತೆಗೆದುಕೊಂಡಿತು. ಕಾಯ್ದೆಗಳು ಇದ್ದವು, ಹಣವೂ ಇತ್ತು. ಹೋದದ್ದು ಅನುಭವ, ಅದನ್ನು ಮತ್ತೆ ಕಟ್ಟಲು ಬೇಕಾದ ವರ್ಷಗಳನ್ನು ಯಾವ ಆದೇಶದಿಂದಲೂ ಕಡಿಮೆ ಮಾಡಲಾಗದು.

ಇಂಥ ಸೇವೆಯನ್ನು ಮುನ್ನಡೆಸುವ ಹಿರಿಯ ಅಧಿಕಾರಿ ಮಾಡುವ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದು ಕಡಿಮೆ. ಒಬ್ಬ ಅಧಿಕಾರಿಗೆ ಎಷ್ಟು ಜನರ ಹೊಣೆ ಎಂಬುದನ್ನು ನಿರ್ಧರಿಸುವುದು ಅವರೇ. ಯಾವುದನ್ನು ಯಶಸ್ಸು ಎಂದು ಎಣಿಸಬೇಕೆಂಬುದೂ ಅವರ ನಿರ್ಧಾರ. ಸಲ್ಲಿಸಿದ ವರದಿಗಳ ಸಂಖ್ಯೆಯನ್ನೇ ಎಣಿಸಿದರೆ ವರದಿಗಳು ಹೆಚ್ಚುತ್ತವೆ, ಊರುಗಳಿಗೆ ಹೋಗುವುದು ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ತಪ್ಪಿದವನನ್ನು ಯಾವಾಗ ನ್ಯಾಯಾಲಯದ ಮುಂದೆ ತರಬೇಕು ಎಂಬ ರೂಢಿಯನ್ನು ಇಲಾಖೆಯಲ್ಲಿ ಬೆಳೆಸುವುದು. ತಿಂಗಳ ಹಾಜರಿಗೆ ಬಾರದವನೂ, ಮತ್ತೆ ಕೇಬಲ್ ಕದ್ದವನೂ ಒಂದೇ ಅಲ್ಲ. ಕಾಯ್ದೆಯೂ ಇದನ್ನು ಬಲ್ಲದು: ಮೊದಲ ಸಲದ ಲೋಪಕ್ಕೆ 50 ರೂಪಾಯಿವರೆಗೆ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸುವ ಅವಕಾಶ ಅದರಲ್ಲಿದೆ. ಈ ವ್ಯತ್ಯಾಸವನ್ನು ಹೊಸ ಅಧಿಕಾರಿ ಪುಸ್ತಕದಿಂದ ಕಲಿಯಲಾರ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವರ ಜೊತೆ ಊರೂರು ತಿರುಗಿ ಕಲಿಯುತ್ತಾನೆ.

ನಮ್ಮಲ್ಲಿ ಕೊರತೆ ಇರುವುದು ಇಲ್ಲೇ. ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಕ್ಕಳ ವಿಷಯದಲ್ಲಿ ಬಾಲ ನ್ಯಾಯ ಮಂಡಳಿ ಇದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕಾನೂನು ಸಹ ಪರಿವೀಕ್ಷಣಾಧಿಕಾರಿ ಇದ್ದಾರೆ, ಸಾಮಾಜಿಕ ತನಿಖಾ ವರದಿಯ ಪದ್ಧತಿ ನಡೆದುಬಂದಿದೆ. ಆದರೆ ಆ ಹುದ್ದೆಗಳಲ್ಲಿ ಹೆಚ್ಚಿನವು ಗುತ್ತಿಗೆಯವು. ವರ್ಷ ವರ್ಷ ನವೀಕರಣ ಕಾಯುವವರಿಂದ ಇಪ್ಪತ್ತು ವರ್ಷದ ಅನುಭವವನ್ನು ಅಪೇಕ್ಷಿಸುವಂತಿಲ್ಲ. ಹದಿನೆಂಟು ದಾಟಿದವನ ವಿಷಯದಲ್ಲಿ ಪರಿಸ್ಥಿತಿ ಇನ್ನೂ ತೆಳುವಾದದ್ದು. ಮುದ್ದೇಬಿಹಾಳದ ಒಬ್ಬ ಹುಡುಗ ಹದಿನೇಳನೇ ವಯಸ್ಸಿನಲ್ಲಿ ತಪ್ಪು ಮಾಡಿದರೆ ಅವನ ಮನೆಗೆ ಒಬ್ಬರು ಬರುತ್ತಾರೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಮಾಡಿದರೆ ಸುಮಾರು 80 ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರದಿಂದ ಯಾರಾದರೂ ಬರುವರೋ ಇಲ್ಲವೋ ಎಂಬುದು ಭರವಸೆಯಿಂದ ಹೇಳುವ ಮಾತಲ್ಲ.

ದೀರ್ಘಸೇವೆಯ ವಿರುದ್ಧ ಎತ್ತಿದ ಆಕ್ಷೇಪಕ್ಕೆ ಉತ್ತರವೂ ಈಗ ಹೇಳಬಹುದು. ಬಿಜಾಪುರದ ಸೆಟ್ಲಮೆಂಟಿನಲ್ಲಿ ತಪ್ಪಾದದ್ದು ಅಧಿಕಾರಿ ಬಹಳ ವರ್ಷ ಇದ್ದನೆಂದಲ್ಲ. ಒಂದೊಂದು ಕುಟುಂಬದ ಮೇಲೆ ಅಧಿಕಾರ ಬಹಳ ವರ್ಷ ಇತ್ತು, ತಲೆಮಾರು ದಾಟಿ ಇತ್ತು, ಹೊರಗಿನ ತಡೆ ಅದಕ್ಕೆ ಇರಲಿಲ್ಲ. ಈ ಎರಡು ಅವಧಿಗಳನ್ನು ಬೇರ್ಪಡಿಸಬೇಕು. ಅಧಿಕಾರಿಯ ವೃತ್ತಿ ಮೂವತ್ತು ವರ್ಷದ್ದಾಗಿರಲಿ, ಒಬ್ಬ ಮನುಷ್ಯನ ಮೇಲಿನ ಅವರ ಹಿಡಿತ ಮೂರು ವರ್ಷಕ್ಕೆ ಮುಗಿಯಲಿ. ವರದಿಯಲ್ಲಿ ಜಾತಿಯ ಮಾತು, ತಾಂಡಾದ ಹೆಸರಿನ ಮೇಲಿನ ಗುಮಾನಿ ನುಸುಳಿದರೆ ಅದನ್ನು ತಡೆಯುವ ದಾರಿ ಕಾಯ್ದೆಯಲ್ಲಿದೆ: ವರದಿ ಗೋಪ್ಯವಾದರೂ ಅದರ ಸಾರಾಂಶವನ್ನು ಆರೋಪಿಗೆ ತಿಳಿಸಿ, ಅವನ ಸಾಕ್ಷ್ಯಕ್ಕೆ ಅವಕಾಶ ಕೊಡುವ ಅಧಿಕಾರ 7ನೇ ಕಲಮಿನಡಿ ನ್ಯಾಯಾಲಯಕ್ಕಿದೆ. ತಾಲ್ಲೂಕಿನ ವಕೀಲರು ಈ ಸಾರಾಂಶವನ್ನು ಕೇಳಿ ಪಡೆಯುವುದನ್ನು ರೂಢಿ ಮಾಡಿಕೊಳ್ಳಬೇಕು.

ನೊಂದವರ ಆಕ್ಷೇಪ ಇನ್ನೂ ಉಳಿದಿದೆ. ಅದನ್ನು ಅತ್ಯಂತ ಕಠಿಣ ರೂಪದಲ್ಲೇ ಎತ್ತಿಕೊಳ್ಳಬೇಕು. 1964ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ರತನ್ ಲಾಲ್ ಪ್ರಕರಣದಲ್ಲಿ 16 ವರ್ಷದ ಹುಡುಗ ಮನೆಯೊಂದಕ್ಕೆ ನುಗ್ಗಿ 7 ವರ್ಷದ ಬಾಲಕಿಯ ಮಾನಭಂಗಕ್ಕೆ ಯತ್ನಿಸಿದ್ದ. ಕೆಳ ನ್ಯಾಯಾಲಯ 6 ತಿಂಗಳ ಶಿಕ್ಷೆ ಕೊಟ್ಟಿತ್ತು. ಅವನ ವಯಸ್ಸು ನೋಡಿ ಪರಿವೀಕ್ಷಣಾ ಕಾಯ್ದೆಯನ್ನು ಪರಿಗಣಿಸಬೇಕೆಂದು ಬಹುಮತದ ತೀರ್ಪು ಹೇಳಿತು. ಒಬ್ಬ ನ್ಯಾಯಮೂರ್ತಿ ಭಿನ್ನಮತ ಬರೆದರು. ಆ ತೀರ್ಪಿನ ಲಾಭ ಹುಡುಗನಿಗೆ ಸಿಕ್ಕಿತು, ಬಾಲಕಿಯ ಮನೆಯವರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಯನ್ನು ಹಗುರ ಮಾಡುವಂತಿಲ್ಲ. ಇಂದು ಅಂಥ ಕೃತ್ಯ ಪೋಕ್ಸೊ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದು ಬರಬೇಕಾದದ್ದೇ. ಪರಿವೀಕ್ಷಣೆ ಎಲ್ಲ ಅಪರಾಧಕ್ಕೂ ಮದ್ದು ಎಂದು ವಾದಿಸುವ ಅಗತ್ಯವಿಲ್ಲ. 2000ದ ದಲ್ಬೀರ್ ಸಿಂಗ್ ಪ್ರಕರಣದಲ್ಲಿ ಅಜಾಗರೂಕ ಚಾಲನೆಯಿಂದ ಸಾವು ತಂದವರಿಗೆ ಈ ಕಾಯ್ದೆಯ ಸೌಲಭ್ಯ ಬೇಡವೆಂದು ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ತಾಲ್ಲೂಕು ನ್ಯಾಯಾಲಯಕ್ಕೆ ಬರುವ ಬಹುಪಾಲು ಕಳವು, ಕೈಕೈ ಮಿಲಾಯಿಸಿದ ಜಗಳ, ಮೋಸದ ಪ್ರಕರಣಗಳಲ್ಲಿ ನೊಂದವನಿಗೆ ಬೇಕಾದದ್ದು ನಷ್ಟ ತುಂಬಿಕೊಡುವುದು ಮತ್ತು ಮತ್ತೆ ಹಾಗಾಗದೆಂಬ ಭರವಸೆ. ಇವೆರಡನ್ನೂ ಕೊಡಬಲ್ಲ ವ್ಯವಸ್ಥೆ, ತಪ್ಪಿತಸ್ಥನೊಂದಿಗೆ ಸಂಬಂಧ ಕಡಿದುಕೊಳ್ಳುವ ಜೈಲಿಗಿಂತ, ಅವನನ್ನು ಹೊರಗಿಟ್ಟು ದುಡಿಸಿ ಕಟ್ಟಿಸುವ ಉಸ್ತುವಾರಿಯೇ.

ಈ ನಾಲ್ಕು ತಾಲ್ಲೂಕುಗಳಿಗೇ ವಿಶೇಷವಾದ ಒಂದು ತೊಡಕು ಕಾಯ್ದೆಯ ಒಳಗೇ ಇದೆ. ಅಪರಾಧಿಗೋ ಅವನ ಜಾಮೀನುದಾರನಿಗೋ ಸ್ಥಿರವಾದ ವಾಸಸ್ಥಳ ಅಥವಾ ಕಾಯಂ ಉದ್ಯೋಗ ಇದೆಯೆಂದು ಖಾತ್ರಿಯಾಗದೆ 4ನೇ ಕಲಮಿನಡಿ ಬಿಡುಗಡೆ ಮಾಡುವಂತಿಲ್ಲ. ದಸರಾ ಕಳೆದರೆ ಸಾಕು, ತಾಂಡಾಗಳಿಂದ, ಒಣಬೇಸಾಯದ ಹಳ್ಳಿಗಳಿಂದ ಗ್ಯಾಂಗುಗಳು ಸೋಲಾಪುರ, ಸಾಂಗ್ಲಿ, ಕೊಲ್ಹಾಪುರದ ಕಬ್ಬಿನ ಗದ್ದೆಗಳಿಗೆ ಹೊರಡುತ್ತವೆ. ಇನ್ನೂ ಎಷ್ಟೋ ಜನ ಪುಣೆ, ಗೋವಾ, ಮಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ವರ್ಷದ ಅರ್ಧ ಭಾಗ ಹೊರಗಿರುವವನು ಸ್ಥಿರ ವಾಸದವನಲ್ಲ ಎಂದು ತೀರ್ಮಾನಿಸಿದರೆ, ಪರಿವೀಕ್ಷಣೆ ಹೊಲವಿದ್ದವರ ಸೌಲಭ್ಯವಾಗಿ ಉಳಿಯುತ್ತದೆ. ವಕೀಲರ ಬಲದ ಮೇಲೆ ಹಂಚಿಕೆಯಾಗುತ್ತದೆ ಎಂದು ಟೀಕಾಕಾರರು ಎತ್ತಿದ ಅಸಮಾನತೆಯ ದೂರು ಇಲ್ಲಿ ಹೆಚ್ಚು ಗಟ್ಟಿಯಾಗಿ ನಿಜವಾಗುತ್ತದೆ. ಅದಕ್ಕೆ ಪರಿಹಾರ ಜೈಲಲ್ಲ. ಅದೇ ಕಲಮು, ಮುಚ್ಚಳಿಕೆಯ ಅವಧಿಯಲ್ಲಿ ಅವನು ಇರಬಹುದಾದ ಸ್ಥಳವನ್ನೂ ಪರಿಗಣಿಸಬಹುದೆಂದು ಹೇಳುತ್ತದೆ. ನಾಲ್ಕೈದು ತಿಂಗಳು ಒಂದು ಸಕ್ಕರೆ ಕಾರ್ಖಾನೆಯ ಸುತ್ತಲೇ ಇರುವ ಗ್ಯಾಂಗಿನ ಸ್ಥಳ ಯಾರಿಗೂ ಗುಟ್ಟಲ್ಲ. ಷರತ್ತು ಬರೆಯುವಾಗಲೇ ಸೀಜನ್ನಿನ ತಿಂಗಳುಗಳನ್ನು ಬೇರೆಯಾಗಿ ನೋಡಿ, ಆ ಅವಧಿಗೆ ಹಾಜರಿಯ ಕ್ರಮ ಬದಲಿಸಿಡಬಹುದು. ಮುಂಗಡ ತೀರಿಸದೆ ಊರಲ್ಲೇ ಕೂರಬೇಕೆಂಬ ಷರತ್ತು ಹಾಕಿದರೆ ಅದು ಮೊದಲ ದಿನವೇ ಮುರಿಯುವ ಷರತ್ತು. ಗುಳೆ ಎಂದರೇನೆಂದು ಗೊತ್ತಿರುವ ಅಧಿಕಾರಿಯ ವರದಿ ಇದ್ದರೆ ಮಾತ್ರ ನ್ಯಾಯಾಧೀಶರು ಅದನ್ನು ಮೊದಲೇ ಅರಿಯುವರು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಗಳ ಪಟ್ಟಿಗೆ ಸೇರಿಸಿದ ಮೇಲೆ ಈ ಪ್ರಶ್ನೆಗಳು ಇನ್ನಷ್ಟು ತುರ್ತಾಗಿವೆ. ಮೊದಲ ಸಲ 5000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮರಳಿಸಿದವನಿಗೆ, ಕುಡಿದು ಸಾರ್ವಜನಿಕವಾಗಿ ಗದ್ದಲ ಮಾಡಿದವನಿಗೆ, ಇನ್ನೂ ಕೆಲವು ಸಣ್ಣ ಅಪರಾಧಗಳಿಗೆ ಇದು ಅನ್ವಯ. ಸಂಬಳವಿಲ್ಲದೆ ಸಮುದಾಯಕ್ಕೆ ಉಪಯೋಗವಾಗುವ ಕೆಲಸ ಎಂದು ಹೊಸ ದಂಡ ಪ್ರಕ್ರಿಯಾ ಸಂಹಿತೆ ವಿವರಿಸಿ ಸುಮ್ಮನಾಗುತ್ತದೆ. ಯಾವ ಕೆಲಸ, ಎಷ್ಟು ಗಂಟೆ, ಉಸ್ತುವಾರಿ ಯಾರದು ಎಂಬುದನ್ನು ಅದು ಹೇಳುವುದಿಲ್ಲ. ಈ ಖಾಲಿ ಜಾಗವನ್ನು ಯಾರು ತುಂಬುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಠಾಣೆಯ ಹಾಜರಿ ಪುಸ್ತಕದಿಂದ ತುಂಬಿದರೆ ಹಳೆಯ ಸೆಟ್ಲಮೆಂಟಿನ ಹಾಜರಿಗೆ ಅದು ಹತ್ತಿರವಾಗುತ್ತದೆ. ಊರ ಮುಂದೆ ಕಸ ಗುಡಿಸುವವನ ಫೋಟೊ ಮೊಬೈಲಿನಲ್ಲಿ ಹರಿದಾಡಿದರೆ ಅದು ಶಿಕ್ಷೆಯಾಗುವುದಿಲ್ಲ, ಮೆರವಣಿಗೆಯಾಗುತ್ತದೆ.

1958ರ ಕಾಯ್ದೆಯ 13ನೇ ಕಲಮು ಇದಕ್ಕೆ ಒಂದು ದಾರಿ ತೆರೆದಿಟ್ಟಿದೆ. ಸರ್ಕಾರ ನೇಮಿಸಿದವರಷ್ಟೇ ಅಲ್ಲ, ಮಾನ್ಯತೆ ಪಡೆದ ಸಂಸ್ಥೆ ಒದಗಿಸಿದವರೂ, ವಿಶೇಷ ಸಂದರ್ಭದಲ್ಲಿ ನ್ಯಾಯಾಲಯ ಯೋಗ್ಯನೆಂದು ಕಂಡ ಬೇರೆ ವ್ಯಕ್ತಿಯೂ ಪರಿವೀಕ್ಷಣಾಧಿಕಾರಿಯಾಗಬಹುದು. ನಿವೃತ್ತ ಮಾಸ್ತರರು, ಸಮಾಜಕಾರ್ಯ ಓದಿದ ಯುವಕರು, ತಾಂಡಾಗಳಲ್ಲಿ ಕೆಲಸ ಮಾಡಿ ಅನುಭವ ಇರುವವರು ಈ ತಾಲ್ಲೂಕುಗಳಲ್ಲಿ ಇದ್ದಾರೆ. ಆದರೆ ಅಂಥವರಿಗೆ ತರಬೇತಿ ಕೊಡುವ, ಅವರ ವರದಿ ತಿದ್ದುವ, ತಪ್ಪಿದಾಗ ಅವರನ್ನೇ ಪ್ರಶ್ನಿಸುವ ಕಾಯಂ ಹಿರಿಯ ಅಧಿಕಾರಿ ಜಿಲ್ಲೆಯಲ್ಲಿ ಮೊದಲು ಇರಬೇಕು. ಅವರ ಹುದ್ದೆ ಖಾಲಿ ಬಿದ್ದಿರುವಾಗ ತಾಲ್ಲೂಕಿಗೊಬ್ಬ ಸ್ವಯಂಸೇವಕನನ್ನು ನೇಮಿಸುವುದರಿಂದ ಮುಚ್ಚಳಿಕೆಗಳ ಸಂಖ್ಯೆ ಹೆಚ್ಚಬಹುದು, ಉಸ್ತುವಾರಿ ಹೆಚ್ಚುವುದಿಲ್ಲ.